ನಾಯಿಯ ಪಾದ ನೋಯುತ್ತಿದ್ದರೆ, ಉಗುರು ಬೆಳೆದಿದ್ದರೆ: ಕೆಂಚಿಯ ಜೊತೆ ನಾನು ಕಲಿತದ್ದು

ನಮ್ಮ ಮನೆ ಬಳ್ಳಾರಿಯ ಕೌಲ್‌ಬಜಾರಿನಲ್ಲಿ. ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಿ, ಮಡಚಿ, ಕಟ್ಟು ಕಟ್ಟಿ ಕೊಡುವುದು ನನ್ನ ಕೆಲಸ. ನಾನು ಕೂತಲ್ಲೇ ಪಕ್ಕದಲ್ಲಿ, ಬಟ್ಟೆ ಗಂಟಿನ ಮೇಲೆ ತಲೆ ಇಟ್ಟು ಕೆಂಚಿ ಮಲಗಿರುತ್ತಾಳೆ. ಆರು ವರ್ಷದ ಹಿಂದೆ ಮಳೆಯಲ್ಲಿ ನೆನೆದು ನಮ್ಮ ಬಾಗಿಲಿಗೆ ಬಂದ ಮರಿ. ಜಾತಿ ನಾಯಿಯಲ್ಲ, ಬೀದಿಯದೇ. ಮೈ ಕೆಂಚು, ಉಗುರು ಮಾತ್ರ ಕಪ್ಪು. ಆ ಕಪ್ಪು ಉಗುರಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಪಾದ.

ಒಂದು ಏಪ್ರಿಲ್ ಮಧ್ಯಾಹ್ನ ಕಟ್ಟು ಕೊಡಲು ಹೊರಟಿದ್ದೆ. ಇವಳೂ ಹಿಂದೆಯೇ ಬಂದಳು. ಬರಲಿ ಬಿಡು ಅಂತ ಸುಮ್ನಾದೆ. ನನ್ನ ಕಾಲಲ್ಲಿ ಚಪ್ಪಲಿ ಇತ್ತು, ಅವಳಿಗೆ ಏನಿದೆ? ವಾಪಸ್ ಬರುವಾಗ ಪಕ್ಕದ ಮನೆ ಹುಡುಗ ಕೂಗಿದ: "ಅಕ್ಕಾ, ಕೆಂಚಿ ಕಾಲು ಎತ್ತೆತ್ತಿ ಇಡಾಕತ್ತೈತಿ ನೋಡ್ರಿ!" ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನೆಗೆ ಬಂದು ಪಾದ ತಿರುಗಿಸಿದರೆ ಮೆತ್ತೆಗಳು ಕೆಂಪಾಗಿದ್ದವು. ಒಂದು ಕಡೆ ಚರ್ಮ ಎದ್ದಿತ್ತು. ಆ ದಿನದ ಸಂಕಟ ನನಗೆ ಇನ್ನೂ ಹೋಗಿಲ್ಲ.

ನಾಯಿಯ ಪಾದದ ಮೆತ್ತೆ ಗಟ್ಟಿ ಅಂತ ನಾವು ಅಂದುಕೊಳ್ಳುತ್ತೇವೆ. ದಪ್ಪ ಚರ್ಮ, ಒಳಗೆ ಕೊಬ್ಬು, ನಿಜ. ಆದರೆ ಕಾದ ಡಾಂಬರಿಗೆ ಅದೂ ಸುಡುತ್ತದೆ. ನಮ್ಮೂರಲ್ಲಿ ಬೇಸಿಗೆ ಅಂದರೆ 40 ಡಿಗ್ರಿ ದಾಟುತ್ತದೆ, ಗಾಳಿಗಿಂತ ಡಾಂಬರು ಇನ್ನೂ ಜಾಸ್ತಿ ಕಾದಿರುತ್ತದೆ. ಅಂಗಳಕ್ಕೆ ಹಾಸಿದ ಕಡಪ ಕಲ್ಲೂ ಹಾಗೇ. ಹೊರಗೆ ಕರೆದುಕೊಂಡು ಹೋಗುವ ಮೊದಲು ನಿಮ್ಮ ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ, ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯೂ ಅದರ ಮೇಲೆ ನಡೆಯಬಾರದು. ಮಾರ್ಚ್‌ನಿಂದ ಜೂನ್‌ವರೆಗೆ ನಾವು ಬೆಳಿಗ್ಗೆ ಆರೂವರೆಯೊಳಗೆ ಒಂದು ಸುತ್ತು ಮುಗಿಸುತ್ತೇವೆ. ಸಂಜೆ ಸೂರ್ಯ ಮುಳುಗಿದ ಕೂಡಲೇ ಹೊರಡುವುದಿಲ್ಲ. ರಸ್ತೆ ಆರಲು ಇನ್ನೂ ಹೊತ್ತು ಬೇಕು.

ಸುಟ್ಟರೆ ಮೊದಲು ನೀರು. ನಲ್ಲಿಯ ತಣ್ಣೀರನ್ನು ಮೆಲ್ಲಗೆ ಪಾದದ ಮೇಲೆ ಬಿಡಿ, ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ. ನಮ್ಮಲ್ಲಿ ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರೇ ಕುದಿಯುತ್ತಿರುತ್ತದೆ, ಅದನ್ನು ಹಾಕಬೇಡಿ. ಮನೆಯೊಳಗಿನ ಕೊಡದ ನೀರು ತೆಗೆದುಕೊಳ್ಳಿ. ಐಸ್ ಇಡಬೇಡಿ, ಸುಟ್ಟ ಚರ್ಮಕ್ಕೆ ಅದು ಇನ್ನಷ್ಟು ಕೆಡುಕು. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ನಮ್ಮ ಅತ್ತೆ ಅರಿಶಿನ, ಎಣ್ಣೆ ಕಲಸಿ ತಂದಿದ್ದರು. ಪ್ರೀತಿಯಿಂದಲೇ ತಂದಿದ್ದು. ಆದರೆ ಸುಟ್ಟ ಜಾಗಕ್ಕೆ ಎಣ್ಣೆ ಹಚ್ಚಿದರೆ ಧೂಳು, ಕೂದಲು ಎಲ್ಲಾ ಅಂಟುತ್ತದೆ, ಕಾವೂ ಒಳಗೇ ಉಳಿಯುತ್ತದೆ. ಟೂತ್‌ಪೇಸ್ಟೂ ಬೇಡ. ಚರ್ಮ ಸುಲಿದಿದ್ದರೆ, ಗುಳ್ಳೆ ಇದ್ದರೆ, ನಾಯಿ ಕಾಲೇ ಊರದಿದ್ದರೆ ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅವತ್ತು ಮೆಡಿಕಲ್ ಶಾಪಿಗೆ ಓಡಿದ್ದೆ. ಅಲ್ಲಿದ್ದವರು ಮನುಷ್ಯರ ನೋವಿನ ಮಾತ್ರೆ ತೆಗೆದು, ಅರ್ಧ ಹಾಕಿ ಸಾಕು ಅಂದರು. ಕೈಯಲ್ಲಿ ಹಿಡಿದು ಮನೆಗೂ ತಂದೆ. ಹಾಕುವ ಮೊದಲು ಡಾಕ್ಟರಿಗೆ ತೋರಿಸಿದ್ದು ಪುಣ್ಯ. ಐಬುಪ್ರೊಫೇನ್, ಡಿಕ್ಲೊಫೆನಾಕ್, ಪ್ಯಾರಾಸಿಟಮಾಲ್, ಯಾವುದನ್ನೂ ನೀವಾಗಿ ನಾಯಿಗೆ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ, ಯಕೃತ್ತು ಕೆಡುತ್ತವೆ, ಜೀವವೂ ಹೋಗಬಹುದು. ನಾಯಿಗೆ ಬೇರೆಯೇ ನೋವಿನ ಔಷಧ ಇದೆ. ತೂಕ ನೋಡಿ ಡಾಕ್ಟರೇ ಕೊಡಬೇಕು.

ಬಿಸಿಲು ಬಿಟ್ಟರೆ ನಮ್ಮ ಕಡೆಯ ದೊಡ್ಡ ಕಾಟ ಮುಳ್ಳು. ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಗೊತ್ತಲ್ವಾ? ಅಮೆರಿಕದ ಕಡೆಯಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಗಿಡ, ಈಗ ಕಾಲುವೆ ಬದಿ, ಬಯಲು, ಪಾಳು ಜಾಗ ಎಲ್ಲಾ ಅದೇ. ಅದರ ಮುಳ್ಳು ಉದ್ದ, ಚುಚ್ಚಿದ ಮೇಲೆ ಒಳಗೇ ಮುರಿಯುತ್ತದೆ. ನೆಲದಲ್ಲಿ ಹಬ್ಬುವ ನೆಗ್ಗಿಲು ಮುಳ್ಳು ಇನ್ನೊಂದು. ಅದು ಬೆರಳ ಸಂದಿಯಲ್ಲಿ ಕಚ್ಚಿಕೊಂಡು ಕೂರುತ್ತದೆ.

ತುದಿ ಹೊರಗೆ ಕಾಣುತ್ತಿದ್ದರೆ ಚಿಮುಟದಿಂದ ಬುಡದ ಹತ್ತಿರ ಹಿಡಿದು, ಯಾವ ಕಡೆಯಿಂದ ಒಳಗೆ ಹೋಗಿದೆಯೋ ಅದೇ ಓರೆಯಲ್ಲಿ ನಿಧಾನವಾಗಿ ಎಳೆಯಿರಿ. ಹಿಂಡಬೇಡಿ. ತುದಿ ಕಾಣದಿದ್ದರೆ ಸೂಜಿ ಹಾಕಿ ಕೆದಕಬೇಡಿ. ನಮ್ಮ ಕಾಲಿಗಾದರೆ ಹಾಗೆ ಮಾಡಿಕೊಳ್ಳುತ್ತೇವೆ, ತಡೆದುಕೊಳ್ಳುತ್ತೇವೆ. ನಾಯಿ ಯಾಕೆ ತಡೆದುಕೊಳ್ಳಬೇಕು? ಡಾಕ್ಟರ್ ಮರಗಟ್ಟಿಸಿ ತೆಗೆಯುತ್ತಾರೆ.

ಸಣ್ಣ ಗಾಯಕ್ಕೆ ನಾನು ಮಾಡುವುದು ಇಷ್ಟು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಅದರಿಂದ ಮಣ್ಣು ಹೋಗುವವರೆಗೆ ತೊಳೆಯುತ್ತೇನೆ. ಆಮೇಲೆ ಬೆಟಾಡಿನ್ ದ್ರವವನ್ನು ನೀರಿಗೆ ಹಾಕಿ, ತೆಳು ಡಿಕಾಕ್ಷನ್ ಬಣ್ಣ ಬರುವಷ್ಟು ತಿಳಿ ಮಾಡಿ, ಹತ್ತಿಯಲ್ಲಿ ಅದ್ದಿ ಒರೆಸುತ್ತೇನೆ. ಕೊನೆಗೆ ಹಳೆ ಹತ್ತಿ ಬಟ್ಟೆಯಿಂದ ಬೆರಳ ಸಂದಿ ಒಣಗಿಸುತ್ತೇನೆ. ಡೆಟಾಲ್, ಫಿನಾಯಿಲ್ ಯಾವುದೂ ಬೇಡ. ಅವು ಚರ್ಮವನ್ನು ಉರಿಸುತ್ತವೆ, ಮೇಲೆ ನಾಯಿ ಅದನ್ನು ನೆಕ್ಕುತ್ತದೆ.

ಬ್ಯಾಂಡೇಜ್ ಕಟ್ಟಲೇಬೇಕಾದರೆ ಬೆರಳುಗಳ ನಡುವೆ ಸ್ವಲ್ಪ ಹತ್ತಿ ಇಟ್ಟು ಸಡಿಲವಾಗಿ ಕಟ್ಟಿ. ನಡುವಿನ ಎರಡು ಬೆರಳ ತುದಿ ಹೊರಗೆ ಕಾಣುವಂತೆ ಬಿಡಿ. ಅವು ಊದಿದರೆ ಅಥವಾ ತಣ್ಣಗಾದರೆ ಕಟ್ಟು ಬಿಗಿಯಾಗಿದೆ ಅಂತ, ಆಗಲೇ ಬಿಚ್ಚಿ. ದಿನಾ ಬದಲಿಸಿ, ಒದ್ದೆಯಾದರೆ ತಕ್ಷಣ ಬದಲಿಸಿ. ಹೊರಗೆ ಹೋಗುವಾಗ ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಬಹುದು, ಒಳಗೆ ಬಂದ ಕೂಡಲೇ ತೆಗೆಯಬೇಕು.

ಜೀನ್ಸ್ ಚೂರುಗಳಿಂದ ನಾನು ಕೆಂಚಿಗೆ ನಾಲ್ಕು ಚೀಲ ಹೊಲಿದೆ. ಹೊರಗೆ ಜೀನ್ಸ್, ಒಳಗೆ ಮೆತ್ತನೆ ಬನಿಯನ್ ಬಟ್ಟೆ, ಮೇಲೆ ವೆಲ್ಕ್ರೋ ಪಟ್ಟಿ. ಹೊಲಿಗೆಯ ಏಣು ಒಳಗೆ ಬರಬಾರದು, ಪಾದ ತರಚುತ್ತದೆ. ಪಟ್ಟಿಯೊಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಮೊದಲ ದಿನ ಕೊಕ್ಕರೆ ಹಾಗೆ ನಡೆದಳು. ಒಂದು ವಾರದಲ್ಲಿ ಅಭ್ಯಾಸವಾಯಿತು. ನಾಯಿ ಬೆವರುವುದೇ ಮುಖ್ಯವಾಗಿ ಪಾದದಲ್ಲಿ, ಹಾಗಾಗಿ ಮನೆಗೆ ಬಂದ ತಕ್ಷಣ ಬಿಚ್ಚಿ ಪಾದ ಒರೆಸುತ್ತೇನೆ.

ತವರು ಸಿರುಗುಪ್ಪದ ಕಡೆ. ಮಳೆಗಾಲದಲ್ಲಿ ಅಲ್ಲಿಗೆ ಹೋದರೆ ಎರೆ ಮಣ್ಣು ಬೆರಳ ಸಂದಿಯಲ್ಲಿ ಕೂತು, ಒಣಗಿ, ಕಲ್ಲಿನಂತಾಗುತ್ತದೆ. ಅದನ್ನು ಕಿತ್ತರೆ ಕೂದಲ ಸಮೇತ ಬರುತ್ತದೆ. ಉಗುರುಬೆಚ್ಚನೆ ನೀರಲ್ಲಿ ಐದು ನಿಮಿಷ ಕಾಲು ಇಳಿಬಿಟ್ಟು ಕೂರಿಸಿ, ತಾನಾಗಿ ಕರಗುತ್ತದೆ. ತೊಳೆದ ಮೇಲೆ ಒಣಗಿಸದಿದ್ದರೆ ಸಂದಿ ಕೆಂಪಾಗಿ, ವಾಸನೆ ಬಂದು, ನಾಯಿ ರಾತ್ರಿಯೆಲ್ಲಾ ನೆಕ್ಕುತ್ತಾ ಕೂರುತ್ತದೆ. ರಕ್ತ ಹೀರುವ ಉಣ್ಣೆ ಹುಳ ಕೂಡ ಅಲ್ಲೇ ಅಡಗುತ್ತದೆ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಣ್ಣೆ ಹತ್ತಿದ ನಾಯಿ ಕುಂಟುತ್ತಾ, ಜ್ವರ ಬಂದು, ಊಟ ಬಿಟ್ಟರೆ ಅದು ಬರೀ ಕಾಲು ನೋವಲ್ಲ. ಉಣ್ಣೆ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಬಿರುಕು ಬಿಟ್ಟ ಒಣ ಮೆತ್ತೆಗೆ ರಾತ್ರಿ ಮಲಗುವಾಗ ತೆಳ್ಳಗೆ ಕೊಬ್ಬರಿ ಎಣ್ಣೆ ಸಾಕು. ಜಾಸ್ತಿ ಹಚ್ಚಿದರೆ ಮೆತ್ತೆ ಮೆದುವಾಗಿ ಬೇಗ ತರಚುತ್ತದೆ.

ಈಗ ಉಗುರು.

ಕಡಪ ಕಲ್ಲಿನ ಮೇಲೆ ನಾಯಿ ನಡೆಯುವಾಗ ಟಿಕ್ ಟಿಕ್ ಅಂತ ಕೇಳಿದರೆ ಉಗುರು ಬೆಳೆದಿದೆ. ಸಮ ನೆಲದಲ್ಲಿ ನಿಂತಾಗ ಉಗುರು ನೆಲಕ್ಕೆ ತಾಗಬಾರದು. ತಾಗಿದರೆ ಬೆರಳು ಓರೆಯಾಗುತ್ತದೆ, ನಡಿಗೆ ಬದಲಾಗುತ್ತದೆ, ಕೀಲು ನೋಯುತ್ತದೆ. ಬೀದಿಯಲ್ಲೇ ಓಡಾಡುವ ನಾಯಿಗೆ ತಾನಾಗಿ ಸವೆಯುತ್ತದೆ. ಮನೆಯಲ್ಲಿ ಮಲಗುವ ಕೆಂಚಿಯಂಥವರಿಗೆ ನಾವೇ ಕತ್ತರಿಸಬೇಕು.

ನನಗೆ ಕತ್ತರಿ ಹೊಸದಲ್ಲ. ಮೂರು ವರ್ಷದ ಹಿಂದೆ ದಾರ ಕತ್ತರಿಸುವ ಕತ್ತರಿಯಿಂದಲೇ ಅವಳ ಉಗುರಿಗೆ ಕೈ ಹಾಕಿದೆ. ಒಂದೇ ಏಟಿಗೆ ಆಳಕ್ಕೆ ಹೋಯಿತು. ಅವಳು ಕಿರುಚಿದ ಸದ್ದು, ನೆಲದ ಮೇಲಿನ ರಕ್ತ ಈಗಲೂ ಕಣ್ಣಮುಂದಿದೆ. ಮಂಚದ ಕೆಳಗೆ ಹೋಗಿ ಕೂತವಳು ರಾತ್ರಿಯವರೆಗೆ ಬರಲಿಲ್ಲ. ಮೂರು ವಾರ ಕಾಲು ಮುಟ್ಟಲು ಬಿಡಲಿಲ್ಲ.

ತಪ್ಪು ಏನೆಂದರೆ, ಉಗುರಿನೊಳಗೆ ಜೀವ ಇದೆ. ರಕ್ತನಾಳ ಮತ್ತು ನರ ಬುಡದಿಂದ ಅರ್ಧಕ್ಕಿಂತ ಮುಂದೆಯೂ ಬಂದಿರಬಹುದು. ಬಿಳಿ ಉಗುರಲ್ಲಿ ಅದು ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಅದು ಎರಡು ಮಿಲಿಮೀಟರ್ ದೂರ ಇರುವಾಗಲೇ ನಿಲ್ಲಿಸಿದರಾಯಿತು. ಕಪ್ಪು ಉಗುರಲ್ಲಿ ಏನೂ ಕಾಣುವುದಿಲ್ಲ.

ಕಪ್ಪು ಉಗುರಿಗೆ ದಾರಿ ಇದು. ನಾಯಿಯ ಉಗುರಿಗೇ ಮಾಡಿದ, ಹರಿತವಾದ ಕಟರ್ ತನ್ನಿ. ನಮ್ಮ ನೇಲ್ ಕಟರ್ ಉಗುರನ್ನು ಹಿಚುಕಿ ಸೀಳುತ್ತದೆ. ಬೆಳಕಿರುವ ಕಡೆ ಕೂರಿ. ಒಂದು ಬೆರಳನ್ನು ಮೇಲೆ ಕೆಳಗೆ ಮೆಲ್ಲಗೆ ಹಿಡಿದು, ಕೊಕ್ಕಿಯಂತೆ ಬಾಗಿದ ತುದಿಯಿಂದ ಒಂದು ಮಿಲಿಮೀಟರ್ ಮಾತ್ರ ತೆಗೆಯಿರಿ. ಕತ್ತರಿಸಿದ ಮುಖ ನೋಡಿ. ಒಣಗಿದ ಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಇನ್ನೊಂದು ಚೂರು ತೆಗೆಯಬಹುದು. ಮತ್ತೆ ನೋಡಿ. ನಡುವೆ ಸ್ವಲ್ಪ ಹಸಿಯಾದ, ಬೂದು ಅಥವಾ ಕಪ್ಪು ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ. ಅದರ ಹಿಂದೆಯೇ ಜೀವ ಇದೆ. ಉಗುರು ಇನ್ನೂ ಉದ್ದ ಕಂಡರೂ ಅವತ್ತಿಗೆ ಅಷ್ಟೇ. ಹತ್ತು ದಿನಕ್ಕೊಮ್ಮೆ ಹೀಗೆ ಚೂರು ಚೂರು ತೆಗೆಯುತ್ತಾ ಹೋದರೆ ಒಳಗಿನ ಜೀವವೂ ಹಿಂದೆ ಸರಿಯುತ್ತದೆ. ಕೆಂಚಿಯ ಉಗುರು ನೆಲ ಬಿಡಲು ಎರಡು ತಿಂಗಳು ಬೇಕಾಯಿತು. ಒರಟು ಅಂಚನ್ನು ಉಗುರಿನ ಅರದಿಂದ ಉಜ್ಜಿ.

ಮುಂಗಾಲಿನ ಒಳಮಗ್ಗುಲಲ್ಲಿ, ಸ್ವಲ್ಪ ಮೇಲೆ, ಹೆಬ್ಬೆರಳಿನಂಥದ್ದೊಂದು ಇರುತ್ತದೆ. ಅದು ನೆಲಕ್ಕೆ ತಾಗುವುದೇ ಇಲ್ಲ, ಸವೆಯುವುದೂ ಇಲ್ಲ. ಮರೆತರೆ ಸುರುಳಿ ಸುತ್ತಿ ಚರ್ಮಕ್ಕೇ ಚುಚ್ಚುತ್ತದೆ. ಈಗಾಗಲೇ ಚುಚ್ಚಿದ್ದರೆ ನೀವು ಕತ್ತರಿಸಬೇಡಿ, ಡಾಕ್ಟರಿಗೆ ಬಿಡಿ.

ರಕ್ತ ಬಂದರೆ ಗಾಬರಿ ಬೇಡ. ನಾಯಿ ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. ಕ್ಷೌರದಂಗಡಿಯಲ್ಲಿ ಹಚ್ಚುತ್ತಾರಲ್ಲ, ಆ ಪಟಿಕ. ಅದನ್ನು ಪುಡಿ ಮಾಡಿ ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿರಿ. ಇಲ್ಲದಿದ್ದರೆ ಕಾರ್ನ್‌ಫ್ಲೋರ್. ಉಗುರಿನ ತುದಿಗೆ ಪುಡಿ ಒತ್ತಿ, ಬಟ್ಟೆ ಸುತ್ತಿ, ಐದು ನಿಮಿಷ ಬಿಡದೆ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಹದಿನೈದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.

ಹೆದರಿದ ನಾಯಿಯನ್ನು ಮೂರು ಜನ ಅದುಮಿ ಹಿಡಿದು ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಸಲ ಇನ್ನೂ ಕಷ್ಟವಾಗುತ್ತದೆ. ಆ ಮೂರು ವಾರದ ನಂತರ ನಾನು ಮೊದಲಿಂದ ಶುರು ಮಾಡಿದೆ. ಒಂದು ವಾರ ಬರೀ ಪಾದದ ಮೇಲೆ ಕೈ ಇಟ್ಟು, ಬೇಯಿಸಿದ ಮೊಟ್ಟೆಯ ಚೂರು ಕೊಟ್ಟೆ. ಇನ್ನೊಂದು ವಾರ ಬೆರಳು ಒತ್ತಿ ಬಿಡುವುದು, ಮತ್ತೆ ಮೊಟ್ಟೆ. ಆಮೇಲೆ ಕಟರ್ ತಂದು ಅವಳ ತಟ್ಟೆ ಪಕ್ಕ ಇಟ್ಟೆ. ಕಸಬರಿಗೆ ಕಡ್ಡಿಯನ್ನು ಅವಳ ಎದುರೇ ಕಟಕ್ ಅಂತ ಕತ್ತರಿಸಿ ಆ ಸದ್ದು ರೂಢಿ ಮಾಡಿದೆ. ನಾಲ್ಕನೇ ವಾರ ಒಂದೇ ಒಂದು ಉಗುರು. ಮೊಟ್ಟೆ ತಿಂದು ಬಾಲ ಆಡಿಸಿದಳು. ನನಗೆ ಅಳು ಬಂತು.

ಪಾದ ನೋಯುವಾಗ ಎಷ್ಟು ಸಾಧು ನಾಯಿಯೂ ಕಚ್ಚಬಹುದು, ಅದು ಅದರ ತಪ್ಪಲ್ಲ. ಗಾಯ ನೋಡಲೇಬೇಕಾದಾಗ ಮೆತ್ತನೆ ಹತ್ತಿ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಎರಡು ಮೂರು ನಿಮಿಷ ಕಟ್ಟಬಹುದು. ಬಿಸಿಲಿಗೆ ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಕಟ್ಟಲೇಬೇಡಿ. ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ನಿಮ್ಮದೇ ನಾಯಿಯಾದರೂ. ವರ್ಷಕ್ಕೊಮ್ಮೆ ಅದಕ್ಕೆ ರೇಬೀಸ್ ಲಸಿಕೆ ತಪ್ಪಿಸಬೇಡಿ.

ಈಗ ದಿನಾ ರಾತ್ರಿ ಕೆಲಸ ಮುಗಿದ ಮೇಲೆ ನಾಲ್ಕೂ ಪಾದ ತಿರುಗಿಸಿ ನೋಡುತ್ತೇನೆ. ಎರಡು ನಿಮಿಷ ಸಾಕು. ಎಲ್ಲಾ ಉಗುರನ್ನೂ ಒಂದೇ ದಿನ ಕತ್ತರಿಸುವುದಿಲ್ಲ, ಅವಳು ಕಾಲು ಹಿಂದಕ್ಕೆ ಎಳೆದುಕೊಂಡರೆ ಅಲ್ಲಿಗೆ ಬಿಡುತ್ತೇನೆ. ನಿನ್ನೆ ಹಿಂಗಾಲಿನ ಎರಡು ಉಳಿದವು. ಇವತ್ತು ಅವಳು ಉಂಡು, ಬಟ್ಟೆ ಗಂಟಿನ ಮೇಲೆ ಒರಗಿದಾಗ ಮಾಡಬೇಕು. ಮೊಟ್ಟೆ ಬೇಯಲು ಇಟ್ಟಿದ್ದೇನೆ.