ಸಣ್ಣ ಬೇಟ್‌ಕಾಸ್ಟಿಂಗ್ ರೀಲ್ ಕೈಗೆ ಬಂದ್ಮೇಲೆ ಏನೇನು ನೋಡ್ಬೇಕು

ಬಾಸ್ ಮೀನು ಹಿಡಿಯೋಕೆ ಕಾಂಪ್ಯಾಕ್ಟ್ ಬೇಟ್‌ಕಾಸ್ಟರ್ (ಎಸೆದಾಗ ಲೈನ್ ಸುತ್ತಿದ ಉರುಳೆಯೇ ತಿರುಗೋ ಥರದ ಗಾಳದ ರೀಲ್) ತಗೊಳ್ಳೋರು ಮೊದ್ಲು ಮಾಡೋ ಕೆಲ್ಸ ಅಂದ್ರೆ ಡಬ್ಬಿ ಮೇಲೆ ಎಷ್ಟು ಬೇರಿಂಗ್ ಅಂತ ಬರ್ದಿದೆ ನೋಡೋದು. ನಾನೂ ಅದನ್ನೇ ಮಾಡಿದ್ದೆ. ಹತ್ತು ಪ್ಲಸ್ ಒಂದು ಅಂತ ದೊಡ್ಡದಾಗಿ ಬರ್ದಿದ್ದ ರೀಲ್ ತಂದು 7 ಗ್ರಾಂ ಜಿಗ್ (ತಲೇಲಿ ಭಾರದ ಗುಂಡು ಇರೋ ಗಾಳ) ಕಟ್ಟಿ ಬೀಸಿದ್ರೆ ಹತ್ತು ಮಾರು ದೂರ ಹೋಗೋಷ್ಟರಲ್ಲಿ ಸ್ಪೂಲ್ (ಲೈನ್ ಸುತ್ತೋ ಉರುಳೆ) ಮೇಲೆ ಲೈನೆಲ್ಲ ಸಿಕ್ಕಾಗಿ ಗುಬ್ಬಿಗೂಡು, ಆ ಸಂಜೆ ಪೂರ್ತಿ ಟಾರ್ಚ್ ಬಾಯಲ್ಲಿ ಕಚ್ಕೊಂಡು ಸೂಜಿ ತಗೊಂಡು ಸಿಕ್ಕು ಬಿಡಿಸಿದ್ದೇ ಆಯ್ತು. ಬೇರಿಂಗ್ ಲೆಕ್ಕದಲ್ಲಿ ಹ್ಯಾಂಡಲ್ ಗುಬುಟಿನೊಳಗೆ ಇರೋವೂ ಸೇರ್ತವೆ, ಎಸೆಯೋಕೆ ಅವು ಯಾವ ಉಪಯೋಗಕ್ಕೂ ಬರಲ್ಲ. ಎಸೆತಕ್ಕೆ ಬೇಕಾಗಿರೋದು ಸ್ಪೂಲ್ ಹಿಡ್ಕೊಂಡಿರೋ ಎರಡು ಮೂರು ಬೇರಿಂಗ್ ಅಷ್ಟೇ.

ಸಣ್ಣ ರೀಲ್ ಯಾಕೆ ತಗೋತೀವಿ ಅನ್ನೋದನ್ನ ಮೊದ್ಲು ತಲೇಲಿ ಇಟ್ಕೊಳ್ಳಿ. ತೂಕ 150ರಿಂದ 200 ಗ್ರಾಂ, ಅಂಗೈಯಲ್ಲಿ ಮುಚ್ಚೋಗತ್ತೆ, ಅದೆಲ್ಲ ಸರಿ, ಆದ್ರೆ ನಿಜವಾದ ಲಾಭ ಸ್ಪೂಲಿನದ್ದು. ಸ್ಪೂಲ್ ಸಣ್ಣದು, ಹಗುರ ಆದಷ್ಟೂ ತಿರುಗೋಕೆ ಶುರುವಾಗೋದು ಸುಲಭ, ಹಾಗಾಗಿ 5ರಿಂದ 10 ಗ್ರಾಂ ಲೂರ್ (ಕೃತಕ ಆಮಿಷ) ಕೂಡ ಅದನ್ನ ಎಳ್ಕೊಂಡು ಹೋಗತ್ತೆ. ಜೊತೆಗೆ ಅದು ನಿಲ್ಲೋದೂ ಬೇಗ. ಬ್ಯಾಕ್‌ಲ್ಯಾಶ್ ಅಂದ್ರೆ ಆ ಗುಬ್ಬಿಗೂಡೇ, ಆಗೋದು ಹೀಗೆ, ಗಾಳೀಲಿ ಲೂರ್ ನಿಧಾನ ಆಯ್ತು, ಸ್ಪೂಲ್ ಮಾತ್ರ ತನ್ನ ಪಾಡಿಗೆ ತಿರುಗ್ತಾನೇ ಇದೆ. ಆದ್ದರಿಂದ ಸಣ್ಣ ರೀಲನ್ನ ಅಳೆಯೋಕೆ ಇರೋ ಒಂದೇ ದೊಡ್ಡ ಪ್ರಶ್ನೆ, ನೀವು ದಿನಾ ಕಟ್ಟೋ ಹಗುರ ಲೂರ್‌ಗೆ ಇದ್ರ ಸ್ಪೂಲ್ ಎಷ್ಟು ಬೇಗ ಏಳತ್ತೆ, ಎಷ್ಟು ಬೇಗ ಕೂರತ್ತೆ. ಉಳಿದಿದ್ದೆಲ್ಲ ಆಮೇಲೆ.

ಇಲ್ಲಿ ಬಹಳ ಜನ ಎಡವೋದು ಲೈನ್ ವಿಷ್ಯದಲ್ಲಿ. ಒಂದು ಲೆಕ್ಕ ಹಾಕಿ ನೋಡಿ, 0.3 ಮಿಮೀ ದಪ್ಪದ ಫ್ಲೋರೋಕಾರ್ಬನ್ 100 ಮೀಟರ್ ತುಂಬಿದ್ರೆ ಅದ್ರ ತೂಕವೇ ಹೆಚ್ಚುಕಮ್ಮಿ 12.5 ಗ್ರಾಂ, ಅದೇ ದಪ್ಪದ ನೈಲಾನ್ ಆದ್ರೆ 8 ಗ್ರಾಂ. ಸಣ್ಣ ರೀಲಿನ ಖಾಲಿ ಸ್ಪೂಲ್ ಕೂಡ ಹತ್ತು ಹದಿನೈದು ಗ್ರಾಂ ಆಸುಪಾಸೇ ಇರೋದು, ಅಂದ್ರೆ ಹಗುರ ಸ್ಪೂಲ್ ಅಂತ ದುಡ್ಡು ಕೊಟ್ಟು ತಂದು ಅದ್ರ ಮೇಲೆ ಅದ್ರಷ್ಟೇ ಭಾರ ಸುತ್ತಿ ಕೂರಿಸ್ತೀವಿ, ಅದೂ ಹೊರ ಅಂಚಿಗೆ, ಭಾರ ಎಲ್ಲಿದ್ರೆ ಹೆಚ್ಚು ಕಾಟವೋ ಅಲ್ಲಿಗೇ. ಪರೀಕ್ಷೆ ಮಾಡುವಾಗ ನೀವು ಎಸೆಯೋ ದೂರಕ್ಕೆ ಎಷ್ಟು ಬೇಕೋ ಅಷ್ಟು, ಮೇಲೆ ಇಪ್ಪತ್ತು ಮೂವತ್ತು ಮೀಟರ್ ಸೇರಿಸಿ ಸುತ್ತಿ ಸಾಕು. ಇನ್ನೊಬ್ಬರ ರೀಲ್ ಜೊತೆ ಹೋಲಿಸ್ತೀರಾದ್ರೆ ಎರಡರಲ್ಲೂ ಒಂದೇ ಲೈನ್, ಒಂದೇ ಲೂರ್, ಸಾಧ್ಯ ಆದ್ರೆ ಒಂದೇ ರಾಡ್. ಇಲ್ಲಾಂದ್ರೆ ನೀವು ರೀಲ್ ಹೋಲಿಸ್ತಿಲ್ಲ, ಲೈನ್ ಹೋಲಿಸ್ತಿದ್ದೀರಿ.

ಈಗ ಕೈಯಲ್ಲಿ ಹಿಡ್ಕೊಂಡು ನೋಡಿ. ಹ್ಯಾಂಡಲ್ ಕಡೆ ಇರೋ ಸಣ್ಣ ಟೆನ್ಷನ್ ತಿರುಪನ್ನ ಸಡಿಲ ಮಾಡಿ, ಹೆಬ್ಬೆಟ್ಟಿನಿಂದ ಸ್ಪೂಲನ್ನ ಎಡಕ್ಕೆ ಬಲಕ್ಕೆ ತಳ್ಳಿ, ಟಕ್ ಟಕ್ ಅಂತ ಅಲ್ಲಾಡತ್ತೆ. ಈಗ ಆ ಅಲುಗಾಟ ಹೋಗೋವರೆಗೆ ಮಾತ್ರ ತಿರುಪು ಬಿಗಿ ಮಾಡಿ, ಅಲ್ಲೇ ನಿಲ್ಸಿ. ಹೊಸಬರಿಗೆ ಎಲ್ರೂ ಹೇಳ್ಕೊಡೋದು ಬೇರೆ ಥರ, ಸ್ಪೂಲ್ ಬಿಡಿಸೋ ಬಟನ್ ಒತ್ತಿದಾಗ ಲೂರ್ ನಿಧಾನಕ್ಕೆ ಇಳೀಬೇಕು, ನೆಲ ಮುಟ್ಟಿದ ತಕ್ಷಣ ಸ್ಪೂಲ್ ನಿಲ್ಲಬೇಕು ಅಂತ. ಕಲಿಯೋಕೆ ಅದು ಚೆನ್ನಾಗೇ ಇದೆ. ಆದ್ರೆ ರೀಲನ್ನ ಅಳೆಯುವಾಗ ನಾನು ಹಾಗೆ ಮಾಡಲ್ಲ, ಯಾಕಂದ್ರೆ ತಿರುಪು ಬಿಗಿ ಮಾಡಿದ್ರೆ ಎಂಥ ಕೆಟ್ಟ ಬ್ರೇಕ್ ಇರೋ ರೀಲೂ ಸಿಕ್ಕಾಗದೇ ಎಸೆಯತ್ತೆ, ದೂರ ಮಾತ್ರ ಹೋಗಲ್ಲ. ತಿರುಪು ಸಡಿಲ ಇದ್ದಾಗ್ಲೂ ಬ್ರೇಕ್ ಒಂದೇ ಸಂಭಾಳಿಸ್ತದಾ ಅನ್ನೋದು ನೋಡ್ಬೇಕಾದ್ದು.

ಬ್ರೇಕಲ್ಲಿ ಮುಖ್ಯವಾಗಿ ಎರಡು ಜಾತಿ. ಸೆಂಟ್ರಿಫ್ಯೂಗಲ್ ಆದ್ರೆ ಸ್ಪೂಲ್ ತಿರುಗಿದಾಗ ಪುಟಾಣಿ ಬ್ಲಾಕ್‌ಗಳು ಹೊರಗೆ ಚಿಮ್ಮಿ ಸುತ್ತಲಿನ ಬಳೆಗೆ ಉಜ್ತವೆ, ವೇಗ ಎರಡು ಪಟ್ಟಾದ್ರೆ ಒತ್ತೋ ಬಲ ನಾಲ್ಕು ಪಟ್ಟು, ಅಂದ್ರೆ ಎಸೆತದ ಶುರುವಲ್ಲಿ ಗಟ್ಟಿಯಾಗಿ ಹಿಡಿದು ಆಮೇಲೆ ಬಹುಪಾಲು ಬಿಟ್ಬಿಡತ್ತೆ. ಮ್ಯಾಗ್ನೆಟಿಕ್ ಆದ್ರೆ ಅಯಸ್ಕಾಂತ ಸ್ಪೂಲನ್ನ ಮುಟ್ಟೋದೇ ಇಲ್ಲ, ಲೋಹದಲ್ಲಿ ಸುಳಿ ಕರೆಂಟ್ ಹುಟ್ಟಿಸಿ ಎಳೆಯತ್ತೆ, ವೇಗ ಇದ್ದಷ್ಟಕ್ಕೆ ತಕ್ಕಂತೆ ಕೊನೆವರೆಗೂ ಹಿಡೀತಾ ಹೋಗತ್ತೆ. ಎದುರು ಗಾಳೀಲಿ, ಹಗುರ ಲೂರಲ್ಲಿ ನಂಗೆ ಮ್ಯಾಗ್ನೆಟಿಕ್ ನಿಶ್ಚಿಂತೆ, ತೆರೆದ ನೀರಲ್ಲಿ ದೂರ ಬೀಸೋಕೆ ಸೆಂಟ್ರಿಫ್ಯೂಗಲ್ ಇಷ್ಟ. ಇದು ನನ್ನ ರುಚಿ ಅಷ್ಟೇ, ಜಗಳಕ್ಕೆ ಬರ್ಬೇಡಿ.

ಪರೀಕ್ಷೆ ಹೀಗೆ ಮಾಡಿ. 7 ಗ್ರಾಂ ಲೂರ್ ಕಟ್ಟಿ ಬ್ರೇಕ್ ಪೂರ್ತಿ ಇಡಿ, ಐದು ಸಲ ಎಸೀರಿ, ಒಂದು ನಂಬರ್ ಇಳಿಸಿ, ಮತ್ತೆ ಐದು. ಯಾವ ನಂಬರಲ್ಲಿ ಸ್ಪೂಲ್ ಮೇಲಿನ ಲೈನ್ ನೊರೆ ಥರ ಉಬ್ಬೋಕೆ ಶುರುವಾಗತ್ತೆ ಬರ್ಕೊಳ್ಳಿ. ಒಳ್ಳೇ ರೀಲಲ್ಲಿ ಒಂದೊಂದು ನಂಬರಿಗೂ ವ್ಯತ್ಯಾಸ ಹೆಬ್ಬೆಟ್ಟಿಗೆ ಗೊತ್ತಾಗತ್ತೆ, ಕೆಟ್ಟದ್ರಲ್ಲಿ ಹತ್ತರಿಂದ ನಾಲ್ಕರವರೆಗೆ ಎಲ್ಲ ಒಂದೇ, ಮೂರಕ್ಕೆ ಬಂದ ಕೂಡ್ಲೇ ಗುಬ್ಬಿಗೂಡು. ಆಮೇಲೆ ಗಾಳಿಗೆ ಎದುರಾಗಿ ನಿಂತು ಅದನ್ನೇ ಮಾಡಿ. ಕೊನೇದಾಗಿ ಸ್ಕಿಪ್ಪಿಂಗ್, ಅಂದ್ರೆ ಮರದ ಕೊಂಬೆ ಅಡೀಲಿ ನೀರಿನ ಮೇಲೆ ಕಲ್ಲು ಕುಪ್ಪಳಿಸಿದ ಹಾಗೆ ಲೂರ್ ಕುಪ್ಪಳಿಸೋದು. ಪ್ರತಿ ಸಲ ನೀರಿಗೆ ಬಡಿದಾಗ್ಲೂ ಲೂರ್ ಗಕ್ಕನೆ ನಿಧಾನ ಆಗತ್ತೆ, ಭಾರದ ಸ್ಪೂಲ್ ಆಗಿದ್ರೆ ಅಲ್ಲೇ ಬಣ್ಣ ಬಯಲು. ಬಯಲಲ್ಲಿ ದೂರ ಎಸೆದು ಮೆಚ್ಚಿಕೊಂಡ ರೀಲುಗಳು ಇಲ್ಲಿ ಫೇಲ್ ಆಗಿದ್ದನ್ನ ನಾನು ತುಂಬಾ ನೋಡಿದೀನಿ. ಅಂದ ಹಾಗೆ ಸ್ಪೂಲನ್ನ ಬೆರಳಲ್ಲಿ ತಟ್ಟಿ ಎಷ್ಟು ಸೆಕೆಂಡ್ ತಿರುಗತ್ತೆ ಅಂತ ವಿಡಿಯೋ ಹಾಕ್ತಾರಲ್ಲ, ಅದನ್ನ ನೋಡಿ ಮರುಳಾಗ್ಬೇಡಿ, ಭಾರದ ಸ್ಪೂಲ್ ಹೆಚ್ಚು ಹೊತ್ತು ತಿರುಗೋದು ಸಹಜ.

ಗೇರ್ ರೇಶಿಯೋ ಅಂದ್ರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ಅಂತ, 7 ಅಂದ್ರೆ ಏಳು. ಆದ್ರೆ ಸಣ್ಣ ಸ್ಪೂಲಲ್ಲಿ ಅದೇ 7 ಕಮ್ಮಿ ಲೈನ್ ಎಳ್ಕೊಳ್ಳತ್ತೆ. ಸುತ್ತಿದ ಲೈನ್ ಸೇರಿ ವ್ಯಾಸ 32 ಮಿಮೀ ಇದ್ರೆ ಒಂದು ಸುತ್ತಿಗೆ 70 ಸೆಂಟಿಮೀಟರ್ ಬರತ್ತೆ, ದೂರ ಎಸೆದು ವ್ಯಾಸ 28ಕ್ಕೆ ಇಳಿದಾಗ 62ರ ಹತ್ರ. ಡಬ್ಬಿ ಮೇಲಿನ ನಂಬರ್ ಬಿಡಿ, ಲೈನಿಗೆ ಪೆನ್ನಲ್ಲಿ ಗುರುತು ಹಾಕಿ ಒಂದು ಸುತ್ತು ತಿರುಗಿಸಿ ಟೇಪಲ್ಲಿ ಅಳೀರಿ. ಜಿಗ್, ಪ್ಲಾಸ್ಟಿಕ್ ಹುಳ ಆಡಿಸೋರಿಗೆ 7, 8 ಬೇಕು, ಮೀನು ನಮ್ಮ ಕಡೆಗೇ ಈಜಿದಾಗ ಸಡಿಲ ಬೇಗ ಎಳ್ಕೋಬೇಕಲ್ಲ. ದೊಡ್ಡ ಕ್ರ್ಯಾಂಕ್‌ಬೇಟ್ (ಎಳೆದಾಗ ನೀರೊಳಗೆ ಮುಳುಗಿ ಅಲ್ಲಾಡೋ ಲೂರ್) ಎಳೆಯೋ ಆಸೆ ಇದ್ರೆ ಈ ಸಣ್ಣ ರೀಲಿಗೆ ಹಿಂಸೆ ಕೊಡ್ಬೇಡಿ, ಗೇರ್ ಕರಕರ ಅನ್ನತ್ತೆ, ನಿಮ್ಮ ಮಣಿಕಟ್ಟೂ ಸೋತೋಗತ್ತೆ.

ಡ್ರ್ಯಾಗ್, ಅಂದ್ರೆ ಮೀನು ಜೋರಾಗಿ ಎಳೆದಾಗ ಲೈನ್ ಕಡಿಯದ ಹಾಗೆ ಜಾರಿಬಿಡೋ ವ್ಯವಸ್ಥೆ, ಅದ್ರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಲಾರ್ಜ್‌ಮೌತ್ ಬಾಸ್ ವಿಶ್ವದಾಖಲೆನೇ 22 ಪೌಂಡ್ 4 ಔನ್ಸ್, ಅಂದ್ರೆ ಹತ್ತು ಕೆಜಿ ಚಿಲ್ರೆ, 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದಿದ್ದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದನ್ನ ಸರಿಗಟ್ಟಿದ್ದು. ನಮಗೆ ಸಿಗೋದು ಒಂದೋ ಎರಡೋ ಕೆಜಿ. 12 ಪೌಂಡ್ ಎಳೆತ ತಡೆಯೋ ಲೈನಿಗೆ ಡ್ರ್ಯಾಗನ್ನ ಅದ್ರ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಇಡ್ತೀವಿ, ಅಂದ್ರೆ 1.4ರಿಂದ 1.8 ಕೆಜಿ. ಎಷ್ಟು ಕೆಜಿ ಅನ್ನೋದಕ್ಕಿಂತ ಶುರು ಹೇಗೆ ಅನ್ನೋದು ಮುಖ್ಯ. ಲೈನಿಗೆ ಕೊಕ್ಕೆ ತಕ್ಕಡಿ ಕಟ್ಟಿ ನಿಧಾನಕ್ಕೆ ಎಳೀರಿ, ಮುಳ್ಳು 1.5ಕ್ಕೆ ಬಂದು ಹಾಗೇ ಜಾರಿದ್ರೆ ಸರಿ, 2ಕ್ಕೆ ಹೋಗಿ ಗಕ್ ಅಂತ ಬಿಟ್ಟು 1.2ಕ್ಕೆ ಬಿದ್ರೆ ಲೈನ್ ಕಡಿಯೋದು ಅಲ್ಲೇ.

ಹಾಗೇ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ ಹ್ಯಾಂಡಲನ್ನ ಹಿಂದಕ್ಕೆ ಜೋರಾಗಿ ಒಂದು ಕೊಡವು ಕೊಡಿ. ಒಂದಿಷ್ಟೂ ಹಿಂದೆ ಹೋಗ್ಬಾರ್ದು. ಹೋದ್ರೆ ಗಾಳ ನೆಡುವಾಗ ಅರ್ಧ ಏಟು ಅಲ್ಲೇ ಮುಗೀತು.

ಸಣ್ಣ ರೀಲಿನ ದೊಡ್ಡ ದೌರ್ಬಲ್ಯ ಇನ್ನೊಂದಿದೆ. ಮೈ ಗಿಡ್ಡ ಆದ್ದರಿಂದ ಮುಂದೆ ಎಡಕ್ಕೂ ಬಲಕ್ಕೂ ಓಡಾಡೋ ಲೈನ್ ಗೈಡ್ ಸ್ಪೂಲಿಗೆ ಅಂಟ್ಕೊಂಡ ಹಾಗೇ ಇರತ್ತೆ. ಸ್ಪೂಲ್ ಅಂಚಿನಿಂದ ಲೈನ್ ಬರುವಾಗ ಗೈಡಿನಲ್ಲಿ ಜೋರಾಗಿ ಬಾಗಿ ಉಜ್ಕೊಂಡು ಹೋಗತ್ತೆ. ಗೈಡನ್ನ ಒಂದು ತುದಿಗೆ ತಂದು ಎಸೆದು ನೋಡಿ, ಆಮೇಲೆ ಮಧ್ಯಕ್ಕೆ ತಂದು ಎಸೆದು ನೋಡಿ, ದೂರದಲ್ಲಿ ಎಷ್ಟು ಫರಕು ಅಂತ ಲೆಕ್ಕ ಸಿಗತ್ತೆ. ಸೆಕೆಂಡ್‌ಹ್ಯಾಂಡ್ ಆದ್ರೆ ಗೈಡ್ ತೂತಿನೊಳಗೆ ಚೂರು ಹತ್ತಿ ತೂರಿಸಿ ಎಳೀರಿ, ಎಳೆ ಸಿಕ್ಕಾಕೊಂಡ್ರೆ ಒಳಗೆ ಗೀರು ಬಿದ್ದಿದೆ, ಬಿಟ್ಬಿಡಿ.

ಹಿಡಿದಾಗ ಹೆಬ್ಬೆಟ್ಟು ಸ್ಪೂಲ್ ಮಧ್ಯಕ್ಕೆ ತಾನಾಗೇ ಬೀಳ್ಬೇಕು, ಚಾಚ್ಬೇಕಾದ್ರೆ ಮಧ್ಯಾಹ್ನದ ಹೊತ್ತಿಗೆ ಕೈ ಹಿಡ್ಕೊಳ್ಳತ್ತೆ. ದೊಡ್ಡ ಕೈಯವರಿಗೆ ಕೆಲವು ಸಣ್ಣ ರೀಲ್ ಹಿಡಿತಕ್ಕೇ ಸಿಗಲ್ಲ, ಅಂಥೋರು ಒಂದು ಸೈಜ್ ಮೇಲೆ ಹೋಗಿ. ಮತ್ತೆ ಬ್ರೇಕ್ ಮುಚ್ಚಿರೋ ಸೈಡ್ ಪ್ಲೇಟನ್ನ ಒಂದ್ಸಲ ಮನೇಲೇ ಬಿಚ್ಚಿ ನೋಡಿ, ಕೆಲವು ರೀಲಲ್ಲಿ ಅದು ಮೈಗೆ ಅಂಟ್ಕೊಂಡೇ ಇರತ್ತೆ, ಕೆಲವ್ರಲ್ಲಿ ಪೂರ್ತಿ ಕೈಗೇ ಬರತ್ತೆ, ದೋಣೀಲಿ ಕೂತು ಬ್ರೇಕ್ ಬದಲಾಯಿಸೋಕೆ ಹೋಗಿ ನನ್ನದೊಂದು ನೀರಿಗೆ ಬಿತ್ತು.