ಸ್ಟೋಮಾ ಚೀಲದೊಂದಿಗೆ ಮತ್ತೆ ಮನೆಯಿಂದ ಹೊರಗೆ ಓಡಾಡುವುದು ಹೇಗೆ?

ಗುದನಾಳದ ಕ್ಯಾನ್ಸರ್, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ಕಾಯಿಲೆ), ಅಪಘಾತದಲ್ಲಿ ಕರುಳಿಗೆ ಬಿದ್ದ ಪೆಟ್ಟು ಮುಂತಾದ ಕಾರಣಗಳಿಂದ ಕರುಳನ್ನು ಹೊಟ್ಟೆಯ ಹೊರಮೈಯಲ್ಲಿ ತೆರೆದು, ಮಲವು ಅಂಟಿಸಿದ ಚೀಲದೊಳಗೆ ಬೀಳುವಂತೆ ಮಾಡುವ ಶಸ್ತ್ರಚಿಕಿತ್ಸೆಯೇ ಆಸ್ಟಮಿ. ಹೀಗೆ ಹೊಟ್ಟೆಯ ಮೇಲೆ ಕಾಣುವ ಕರುಳಿನ ಬಾಯಿಯೇ ಸ್ಟೋಮಾ. ದೊಡ್ಡ ಕರುಳಿನಿಂದ ತೆರೆದರೆ ಕೊಲೊಸ್ಟಮಿ, ಸಣ್ಣ ಕರುಳಿನಿಂದ ತೆರೆದರೆ ಇಲಿಯೊಸ್ಟಮಿ. ಗಾಯ ಮಾಗಿದ ಮೇಲೂ ಅನೇಕರು ಮದುವೆ, ಜಾತ್ರೆ, ಕೆಲಸ ಎಲ್ಲವನ್ನೂ ಬಿಟ್ಟು ಮನೆಯಲ್ಲೇ ಉಳಿದುಬಿಡುತ್ತಾರೆ. ‘ಧೈರ್ಯವಾಗಿರಿ’ ಎಂದು ನೆಂಟರು ಹೇಳಿದರೆ ಸಾಲದು. ಅವರನ್ನು ಕಾಡುವುದು ಚೀಲ ಸೋರೀತು, ವಾಸನೆ ಬಂದೀತು ಎಂಬ ಭಯ. ಆದ್ದರಿಂದ ಆರಂಭ ಅಲ್ಲಿಂದಲೇ ಆಗಬೇಕು.

ಮೊದಲು ಚೀಲ ಸೋರದಂತೆ ನೋಡಿಕೊಳ್ಳಿ

ಬೆಳಿಗ್ಗೆ ಏನನ್ನೂ ತಿನ್ನುವ ಮುನ್ನ ಸ್ಟೋಮಾದಿಂದ ಮಲ ಬರುವುದು ಕಡಿಮೆ. ಚೀಲ ಬದಲಿಸಲು ಅದೇ ಒಳ್ಳೆಯ ಹೊತ್ತು. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಹಳೆಯ ಪ್ಲೇಟನ್ನು (ಚೀಲವನ್ನು ಚರ್ಮಕ್ಕೆ ಹಿಡಿದಿಡುವ ಅಂಟುಪಟ್ಟಿ) ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಿ. ಉಗುರುಬೆಚ್ಚಗಿನ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಸುತ್ತಲೂ ಒರೆಸಿ, ಚರ್ಮ ಪೂರ್ತಿ ಆರುವವರೆಗೆ ಕಾಯಿರಿ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಸ್ಟೋಮಾ ಒದ್ದೆಯಾಗಿ, ತುಟಿಯ ಒಳಭಾಗದಂತೆ ಕೆಂಪಗಿರಬೇಕು. ಅದಕ್ಕೆ ನೋವು ತಿಳಿಯುವ ನರಗಳಿಲ್ಲದ ಕಾರಣ ಪೆಟ್ಟಾದರೂ ಗೊತ್ತಾಗುವುದಿಲ್ಲ. ಪ್ರತಿ ಸಲವೂ ಕಣ್ಣಾರೆ ನೋಡಲೇಬೇಕು. ಬಣ್ಣ ನೇರಳೆಗೋ ಕಪ್ಪಿಗೋ ತಿರುಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಶಸ್ತ್ರಚಿಕಿತ್ಸೆಯ ನಂತರದ 6ರಿಂದ 8 ವಾರಗಳಲ್ಲಿ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯಲ್ಲೇ ಪ್ಲೇಟಿನ ರಂಧ್ರವನ್ನು ಕತ್ತರಿಸುತ್ತಾ ಹೋದರೆ ನಡುವೆ ಉಳಿಯುವ ಚರ್ಮಕ್ಕೆ ಮಲ ತಾಗಿ ಉರಿ ಏಳುತ್ತದೆ, ಉರಿ ಎದ್ದ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ, ಅಂಟದ ಪ್ಲೇಟ್ ಸೋರುತ್ತದೆ. ಹಾಗಾಗಿ ಈ ಅವಧಿಯಲ್ಲಿ ವಾರಕ್ಕೊಮ್ಮೆ ಅಳೆದು, ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಅದರ ಮೇಲೆ ಇಟ್ಟಿರಿ. ಮೈಶಾಖಕ್ಕೆ ಅಂಟು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಎಣ್ಣೆ ಸ್ನಾನದ ರೂಢಿಯಿದೆ. ತಲೆಗೆ ಎಷ್ಟಾದರೂ ಹಚ್ಚಿಕೊಳ್ಳಿ, ಸ್ಟೋಮಾದ ಸುತ್ತ ಮಾತ್ರ ಕೊಬ್ಬರಿ ಎಣ್ಣೆಯ ಜಿಡ್ಡೂ ಇರಬಾರದು.

ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಮುಚ್ಚಿದ ಚೀಲದಿಂದ ವಾಸನೆ ಬರುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿದು ಪ್ಲೇಟನ್ನು ಬದಲಿಸಬೇಕು. ಮೇಲೆ ಟೇಪ್ ಹಚ್ಚಿ ದಿನ ದೂಡಬಾರದು.

ನಡಿಗೆಯಿಂದ ಶುರು

ಮೊದಲು ಮನೆಯೊಳಗೆ, ಆಮೇಲೆ ಬೀದಿಯ ತುದಿಯವರೆಗೆ, ಅನಂತರ ಪಾರ್ಕಿಗೆ ಎಂಬಂತೆ ನಡಿಗೆಯನ್ನು ಹೆಚ್ಚಿಸಿ. ಮೊದಲ 6ರಿಂದ 8 ವಾರ ತುಂಬಿದ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಯಾವುದನ್ನೂ ಎತ್ತಬೇಡಿ. ಸ್ಟೋಮಾದ ಸುತ್ತಲಿನ ಸ್ನಾಯು ದುರ್ಬಲವಾಗಿರುವುದರಿಂದ ಕರುಳು ಉಬ್ಬಿಬಂದು ಹರ್ನಿಯಾ ಆಗಬಹುದು. ಕೆಮ್ಮುವಾಗ ಅಲ್ಲಿ ಅಂಗೈ ಒತ್ತಿಕೊಳ್ಳಿ. ಯೋಗಾಭ್ಯಾಸವಿದ್ದವರು ಹೊಟ್ಟೆಯ ಮೇಲೆ ಭಾರ ಬೀಳುವ ಧನುರಾಸನದಂಥವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಗಾಯ ಪೂರ್ತಿ ಮಾಗಿ ವೈದ್ಯರು ಒಪ್ಪಿದ ಮೇಲೆ ಈಜಬಹುದು, ಸೈಕಲ್ ತುಳಿಯಬಹುದು. ಅಮೆರಿಕನ್ ಫುಟ್‌ಬಾಲ್ ಆಟಗಾರ ರಾಲ್ಫ್ ಬೆನಿರ್ಷ್ಕೆ 1979ರಲ್ಲಿ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಮರುವರ್ಷವೇ ಚೀಲದೊಂದಿಗೆ ಮೈದಾನಕ್ಕೆ ಮರಳಿ ವೃತ್ತಿಪರ ಆಟವನ್ನು ಮುಂದುವರಿಸಿದರು.

ಇಲಿಯೊಸ್ಟಮಿ ಇದ್ದವರ ಊಟ

ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವ ದೊಡ್ಡ ಕರುಳು ಇವರಿಗೆ ನೆರವಿಗೆ ಬಾರದು. ಎಳನೀರಿನಲ್ಲಿ ಸೋಡಿಯಂ ಕಡಿಮೆ ಇರುವುದರಿಂದ ಮಲ ನೀರಾದಾಗ ಅದನ್ನಷ್ಟೇ ನಂಬಿ ಕೂರಬಾರದು. ಒಆರ್‌ಎಸ್, ಉಪ್ಪು ಬೆರೆಸಿದ ಗಂಜಿ ಅಥವಾ ಮಜ್ಜಿಗೆ ಬೇಕು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ. ಮೊಸರನ್ನ, ಬಾಳೆಹಣ್ಣು, ಸಬ್ಬಕ್ಕಿ ಮಲವನ್ನು ಗಟ್ಟಿಯಾಗಿಸುತ್ತವೆ. ಮುದ್ದೆ ನುಂಗಿ ರೂಢಿಯಾದವರು ಜೊತೆಗಿರುವ ಸೊಪ್ಪು, ಕಾಳುಗಳನ್ನು ಮಾತ್ರ ಚೆನ್ನಾಗಿ ಅಗಿದೇ ನುಂಗಬೇಕು. ಹಸಿ ಕೊಬ್ಬರಿ, ಜೋಳದ ತೆನೆ, ನುಗ್ಗೆಕಾಯಿ ನಾರು ಸಿಕ್ಕಿಕೊಳ್ಳುವ ಅಪಾಯವಿದೆ. ಹೊಟ್ಟೆ ಹಿಂಡುತ್ತಾ ಕೆಲವು ಗಂಟೆ ಚೀಲಕ್ಕೆ ಏನೂ ಬೀಳದಿದ್ದರೆ, ವಾಂತಿಯಾದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮದುವೆಮನೆ, ದೇವಸ್ಥಾನ, ಪ್ರಯಾಣ

ಕತ್ತರಿಸಿಟ್ಟ ಪ್ಲೇಟ್, ಎರಡು ಚೀಲ, ಒದ್ದೆ ಬಟ್ಟೆ, ಒಂದು ಜೊತೆ ಉಡುಪು, ಪ್ಲಾಸ್ಟಿಕ್ ಕವರ್ ಇವಿಷ್ಟು ಸದಾ ಕೈಚೀಲದಲ್ಲಿರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇವನ್ನು ಬಿಟ್ಟರೆ ಅಂಟು ಕರಗುತ್ತದೆ. ಬಸ್ ಹತ್ತುವ ಮುನ್ನ ಚೀಲ ಖಾಲಿ ಮಾಡಿಕೊಳ್ಳಿ. ಸೀರೆಯ ಒಳಲಂಗದ ಲಾಡಿಯಾಗಲಿ, ಪ್ಯಾಂಟಿನ ಬೆಲ್ಟಾಗಲಿ ಸ್ಟೋಮಾದ ಮೇಲೆ ಬಿಗಿಯಬಾರದು. ಇಂಡಿಯನ್ ಟಾಯ್ಲೆಟ್‌ನಲ್ಲಿ ಮೊದಲು ಸ್ವಲ್ಪ ನೀರು ಸುರಿದು, ಬಗ್ಗಿ ಖಾಲಿ ಮಾಡಿದರೆ ಸಿಡಿಯುವುದು ಕಡಿಮೆ.

ಮಡಿ–ಮೈಲಿಗೆಯ ಸಂಕೋಚದಿಂದ ದೇವಸ್ಥಾನದ ಮೆಟ್ಟಿಲು ಹತ್ತದವರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಎಲ್ಲರ ಹೊಟ್ಟೆಯೊಳಗೆ ಇರುವುದೇ ನಿಮ್ಮ ಚೀಲದಲ್ಲಿದೆ. ಅದೂ ಬಿಗಿಯಾಗಿ ಮುಚ್ಚಿದೆ. ಸ್ನಾನ ಮಾಡಿ, ಖಾಲಿ ಚೀಲದೊಂದಿಗೆ ನಿಶ್ಚಿಂತೆಯಿಂದ ಹೋಗಿ ಬನ್ನಿ.

ಗಂಡ ಅಥವಾ ಹೆಂಡತಿಯಿಂದ ಸ್ಟೋಮಾವನ್ನು ಮರೆಮಾಡಬೇಡಿ. ಒಮ್ಮೆ ತೋರಿಸಿ, ಚೀಲ ಬದಲಿಸುವಾಗ ಜೊತೆಗಿರಲು ಹೇಳಿ. ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಮುಂದಿನ ತಪಾಸಣೆಗೆ ಹೋದಾಗ, ಹಲವು ವರ್ಷಗಳಿಂದ ಚೀಲದೊಂದಿಗೆ ಬದುಕುತ್ತಿರುವ ಒಬ್ಬರನ್ನು ಭೇಟಿ ಮಾಡಿಸುವಂತೆ ಸ್ಟೋಮಾ ನರ್ಸ್ ಅವರನ್ನೋ ಸರ್ಜನ್ನರನ್ನೋ ಕೇಳಿ.