ಲ್ಯಾಬ್ ಗುಣಮಟ್ಟ ವಿಭಾಗದಲ್ಲಿ ಕೆಲಸ ಬೇಕಾದರೆ

ಓದು ಮುಗಿದ ಕೂಡಲೇ ಕ್ವಾಲಿಟಿ ಹುದ್ದೆಗೆ ಹಾರಬೇಡಿ. ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ಬಯೋಕೆಮಿಸ್ಟ್ರಿ ಅಥವಾ ಮೈಕ್ರೋಬಯಾಲಜಿ ಪದವಿಯ ನಂತರ ಒಂದೆರಡು ವರ್ಷ ಕೈಯಾರೆ ಪರೀಕ್ಷೆಗಳನ್ನು ಮಾಡಿ. ಮಾದರಿ ಎಲ್ಲಿ ಕೆಡುತ್ತದೆಂದು ಕಂಡವರೇ ಒಳ್ಳೆಯ ಆಡಿಟ್ (ಲ್ಯಾಬ್ ಕೆಲಸದ ಕ್ರಮದ ತಪಾಸಣೆ) ಮಾಡಬಲ್ಲರು. ಕೆಂಪು ರಕ್ತಕಣ ಒಡೆದ ಮಾದರಿಯಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಯಂತ್ರ ಸರಿಯಿದ್ದರೂ ವರದಿ ತಪ್ಪು.

ಆ ಅವಧಿಯಲ್ಲೇ ಲೆಕ್ಕ ಕಲಿಯಿರಿ. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಓಡಿಸುವ ಮಾದರಿಯೇ ಕಂಟ್ರೋಲ್. ಅದರ ಹೊಸ ಲಾಟ್ ಬಂದಾಗ ಬೇರೆ ಬೇರೆ ದಿನಗಳಲ್ಲಿ ಕನಿಷ್ಠ 20 ಫಲಿತಾಂಶ ಸಂಗ್ರಹಿಸಿ, ಸರಾಸರಿ ಮತ್ತು ಎಸ್‌ಡಿ (ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆದು, ಪ್ರತಿ ಕಂಟ್ರೋಲ್ ಫಲಿತಾಂಶವನ್ನು ಒಂದು ಬಿಂದುವಾಗಿ ಗುರುತಿಸುವ ಲೆವಿ-ಜೆನ್ನಿಂಗ್ಸ್ ಚಾರ್ಟ್ ಬರೆಯಿರಿ. ಒಂದು ಬಿಂದು ಸರಾಸರಿಯಿಂದ 3 ಎಸ್‌ಡಿ ದಾಟಿದರೆ, ಅಥವಾ ಸತತ ಎರಡು ಬಿಂದು ಒಂದೇ ಬದಿಯಲ್ಲಿ 2 ಎಸ್‌ಡಿ ದಾಟಿದರೆ ರೋಗಿಗಳ ವರದಿ ತಡೆಹಿಡಿಯಬೇಕು. ಸತತ 10 ಬಿಂದು ಸರಾಸರಿಯ ಒಂದೇ ಬದಿಗಿದ್ದರೆ ಕ್ಯಾಲಿಬ್ರೇಶನ್ (ಯಂತ್ರದ ಅಳತೆಯ ಹೊಂದಾಣಿಕೆ) ಅಥವಾ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಪರಿಶೀಲಿಸಿ. ಕಾರಣ ಹುಡುಕದೆ, ಕಂಟ್ರೋಲ್ ಮಿತಿಯೊಳಗೆ ಬರುವವರೆಗೂ ಮತ್ತೆ ಮತ್ತೆ ಓಡಿಸುವುದು ಅತ್ಯಂತ ಕೆಟ್ಟ ಅಭ್ಯಾಸ. ದೋಷ ಹಾಗೇ ಉಳಿದು, ಅದರ ಫಲ ರೋಗಿಯ ಪಾಲಾಗುತ್ತದೆ.

ಮುಂದಿನದು ದಾಖಲೆ. ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15189ರ 2022ರ ಆವೃತ್ತಿಯನ್ನು ಓದಿ, ಆಂತರಿಕ ಆಡಿಟರ್ ತರಬೇತಿ ಪಡೆಯಿರಿ. ಎಸ್‌ಒಪಿ (ಕೆಲಸದ ಲಿಖಿತ ವಿಧಾನ) ತಿದ್ದುವ, ಹೊರಗಿನ ಸಂಸ್ಥೆ ಕಳಿಸುವ ಮಾದರಿಗಳ ಮೇಲೆ ನಡೆಯುವ ಬಾಹ್ಯ ಗುಣಮಟ್ಟ ಪರೀಕ್ಷೆಯ ಫಲಿತಾಂಶ ವಿಶ್ಲೇಷಿಸುವ ಕೆಲಸ ಕೇಳಿ ಪಡೆಯಿರಿ. ದೋಷ ವರದಿಯನ್ನು ‘ಸಿಬ್ಬಂದಿಯ ತಪ್ಪು’ ಎಂದು ಬರೆದು ಮುಗಿಸಬೇಡಿ. ಟ್ಯೂಬ್‌ಗಳು ಅದಲುಬದಲಾಗಿದ್ದರೆ, ರಕ್ತ ತೆಗೆಯುವ ಮೊದಲೇ ಎಲ್ಲಕ್ಕೂ ಲೇಬಲ್ ಅಂಟಿಸಿಡುವ ಪದ್ಧತಿಯೇ ಕಾರಣವಿರಬಹುದು. ಅಲ್ಲಿ ಬೇಕಾದದ್ದು ಬುದ್ಧಿವಾದವಲ್ಲ, ರೋಗಿಯ ಎದುರಿನಲ್ಲೇ ಲೇಬಲ್ ಅಂಟಿಸುವ ಕ್ರಮ.

ಸಂದರ್ಶನದಲ್ಲಿ ಇಂಥದೇ ಒಂದು ಪ್ರಕರಣವನ್ನು ಮೂಲ ಕಾರಣ, ಸರಿಪಡಿಸಿದ ಬಗೆ, ಮರುಪರಿಶೀಲನೆಯ ಫಲಿತಾಂಶ ಸಮೇತ ವಿವರಿಸಿ. ರೋಗಿಯ ಗುರುತು ಮಾತ್ರ ಎಲ್ಲಿಯೂ ಹೊರಬರಬಾರದು.